ಹಸಿರು ತ್ರಿಕೋನದ ಪುಡಿ: ಶನಿವಾರಸಂತೆ ಕಡೆಯ ಒಂದು ಶುಂಠಿ ಗದ್ದೆಯ ಪ್ರಕರಣ

ಕೊಡಗಿನ ಶನಿವಾರಸಂತೆ ಹೋಬಳಿಯ ಒಂದು ಕುಟುಂಬ. ಮನೆ ಹಿಂದೆ ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ, ಕೆಳಗೆ ಗದ್ದೆ. ಭತ್ತ ಬೆಳೆದರೆ ಕೈಗೆ ಏನೂ ಉಳಿಯಲ್ಲ ಅಂತ ಗದ್ದೆಯ ದೊಡ್ಡ ಭಾಗವನ್ನು ಶುಂಠಿ ಬೆಳೆಯೋಕೆ ಗುತ್ತಿಗೆಗೆ ಕೊಟ್ಟಿದ್ದರು. ಗುತ್ತಿಗೆದಾರರು ಪಕ್ಕದ ಜಿಲ್ಲೆಯವರು. ತಮ್ಮದೇ ಗದ್ದೆಗೆ ಮನೆಯ ಸೊಸೆ ಕೂಲಿಗೆ ಹೋಗುತ್ತಿದ್ದರು. ಈ ಭಾಗದಲ್ಲಿ ಇದೇನು ಹೊಸದಲ್ಲ. ಗುತ್ತಿಗೆ ದುಡ್ಡು ಒಂದು ಕಡೆ, ದಿನಗೂಲಿ ಇನ್ನೊಂದು ಕಡೆ, ಎರಡೂ ಸೇರಿದರೆ ವರ್ಷ ದೂಡಬಹುದು.

ಸೊಸೆ ಎರಡನೇ ಸಲ ಬಸುರಿಯಾದರು. ಮೊದಲ ತಪಾಸಣೆಯ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು) 8 ದಾಟಿತ್ತು. ಬಸುರಿಯರಲ್ಲಿ ಮೊದಲ ತಿಂಗಳುಗಳಲ್ಲಿ ಅದು 4ರೊಳಗೆ ಇರಬೇಕು. ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಮಾಡ್ತಿಲ್ಲ ಅಂತ ಇದರ ಅರ್ಥ. ವೈದ್ಯರು ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದ ಆಶಾ ಕಾರ್ಯಕರ್ತೆಯನ್ನು ಸೊಸೆ ಕೇಳಿದ್ದು ಒಂದೇ ಮಾತು: "ಅಕ್ಕ, ಏಪ್ರಿಲ್‌ನಲ್ಲಿ ಆ ಹಳದಿ ಪುಡಿ ನೀರಲ್ಲಿ ಕೈ ಹಾಕಿದ್ನಲ್ಲ, ಅದ್ರಿಂದ ಆಗಿರಬಹುದಾ?"

ಇಷ್ಟೇ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದವರು ಯಾರು, ಕೊಡೋಕೆ ಅವರ ಹತ್ತಿರ ಏನಿತ್ತು, ಏನಿರಲಿಲ್ಲ ಅನ್ನೋದೇ ಈ ಪ್ರಕರಣ. ಊರು, ಹೆಸರು, ಗುರುತು ಸಿಗುವ ವಿವರ ಬಿಟ್ಟಿದ್ದೇನೆ.

ಡ್ರಮ್ಮಿನ ಕೆಲಸ

ಶುಂಠಿ ಬೆಳೆಯುವವರ ನಿದ್ದೆ ಕೆಡಿಸೋದು ಕೊಳೆ ರೋಗ. ಮಳೆ ಹಿಡಿದ ಮೇಲೆ ಒಂದು ಮಡಿಗೆ ಬಂದರೆ ವಾರದಲ್ಲಿ ಪಕ್ಕದ ಮಡಿಗೆ ದಾಟುತ್ತದೆ. ಅದಕ್ಕೇ ಬಿತ್ತನೆ ಶುಂಠಿಯನ್ನು ನೆಡುವ ಮೊದಲೇ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದುತ್ತಾರೆ. ಲೀಟರ್ ನೀರಿಗೆ 3 ಗ್ರಾಂ ಪುಡಿ, ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಆರಿಸಿ ನೆಡಬೇಕು. ಇದು ಸಂಶೋಧನಾ ಸಂಸ್ಥೆಗಳೇ ಕೊಟ್ಟ ಶಿಫಾರಸು, ಅಂಗಡಿಯವರು ಹುಟ್ಟುಹಾಕಿದ್ದಲ್ಲ. ಎಕರೆಗೆ 600ರಿಂದ 1000 ಕೆ.ಜಿ. ಬಿತ್ತನೆ ಬೇಕು. ಅಷ್ಟನ್ನೂ ಯಾರಾದರೂ ಅದ್ದಬೇಕು, ಎತ್ತಬೇಕು.

ಆ ಗದ್ದೆಯಲ್ಲಿ ಈ ಕೆಲಸ ನಡೆದದ್ದು ಹೀಗೆ. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ ಪುಡಿ ಸುರಿದು ಕೋಲಲ್ಲಿ ಕಲಕುತ್ತಾರೆ. ಸುರಿಯುವಾಗ ಹಳದಿ ಧೂಳು ಏಳುತ್ತದೆ, ಗಂಧಕದ ಥರ ವಾಸನೆ. ಹೆಂಗಸರು ಮಂಕರಿಯಲ್ಲಿ ಶುಂಠಿ ತಂದು ಡ್ರಮ್ಮಿಗೆ ಹಾಕುತ್ತಾರೆ. ಅರ್ಧ ಗಂಟೆ ಆದ ಮೇಲೆ ಮೊಣಕೈವರೆಗೆ ಕೈ ಇಳಿಸಿ, ತಳದಲ್ಲಿ ಕೂತದ್ದನ್ನು ತಡಕಿ ತಡಕಿ ಎತ್ತುತ್ತಾರೆ. ನೀರು ಕಮ್ಮಿಯಾದಂತೆ ಮತ್ತಷ್ಟು ನೀರು, ಮತ್ತಷ್ಟು ಪುಡಿ. ಬೆಳಿಗ್ಗೆ ಕಲಸಿದ್ದು ಸಂಜೆವರೆಗೂ ಬಿಸಿಲಲ್ಲೇ ಇರುತ್ತದೆ. ಗ್ಲೌಸು ಇರಲಿಲ್ಲ ಅಂತ ಹೇಳಿದರೆ ಪೂರ್ತಿ ಸರಿಯಾಗಲ್ಲ. ಒಂದು ಜೊತೆ ಇತ್ತು, ಅದು ಪುಡಿ ಕಲಕುವ ಗಂಡಸಿನ ಕೈಯಲ್ಲಿತ್ತು. ಅದ್ದಿ ತೆಗೆಯೋದು ಹಗುರ ಕೆಲಸ ಅಂತ ಹೆಂಗಸರಿಗೆ ಕೊಟ್ಟದ್ದು. ಮಧ್ಯೆ ಎಲೆ ಅಡಿಕೆ. ಸುಣ್ಣ ಹಚ್ಚುವ ಬೆರಳ ತುದಿ ಹಳದಿ.

ಮ್ಯಾಂಕೋಜೆಬ್ ಚರ್ಮದ ಮೂಲಕ ಒಳಗೆ ಹೋಗೋದು ಕಮ್ಮಿಯೇ. ಹಾಗಂತ ಚರ್ಮ ಒಂದೇ ದಾರಿಯಲ್ಲವಲ್ಲ. ಮೂಗಿಗೆ ಹೋಗುವ ಧೂಳು, ಬಾಯಿಗೆ ಹೋಗುವ ಬೆರಳು ಎರಡೂ ಇವೆ. ಜೊತೆಗೆ ಪುಡಿ ನೀರಲ್ಲಿ ಒಡೆದಾಗ ಎಥಿಲೀನ್‌ಥಯೋಯೂರಿಯಾ ಅನ್ನುವ ವಸ್ತು ಹುಟ್ಟುತ್ತದೆ. ಚಿಕ್ಕದಾಗಿ ಇಟಿಯು ಅನ್ನೋಣ. ತೇವ, ಬಿಸಿ ತಗುಲಿದರೆ ಅದು ಜಾಸ್ತಿಯಾಗುತ್ತದೆ. ಒಳಗೆ ಹೋದ ಮ್ಯಾಂಕೋಜೆಬ್‌ನ ಒಂದು ಭಾಗವನ್ನು ನಮ್ಮ ದೇಹವೂ ಇಟಿಯು ಮಾಡುತ್ತದೆ. ನಿಜವಾಗಿ ಯೋಚಿಸಬೇಕಾದ್ದು ಇದರ ಬಗ್ಗೆ.

ಗ್ರಂಥಿಗೆ ಏನಾಗುತ್ತದೆ

ಥೈರಾಯ್ಡ್ ಗ್ರಂಥಿ ಊಟದಲ್ಲಿ ಸಿಗುವ ಅಯೋಡಿನ್ನನ್ನು ಹಿಡಿದು ಹಾರ್ಮೋನಿಗೆ ಜೋಡಿಸುತ್ತದೆ. ಜೋಡಿಸುವ ಕೆಲಸ ಮಾಡೋದು ಥೈರಾಯ್ಡ್ ಪೆರಾಕ್ಸಿಡೇಸ್ ಎಂಬ ಕಿಣ್ವ. ಇಟಿಯು ಈ ಕಿಣ್ವವನ್ನೇ ತಡೆಯುತ್ತದೆ. ಗ್ರಂಥಿ ಅತಿಯಾಗಿ ಕೆಲಸ ಮಾಡುವ ರೋಗಿಗಳಿಗೆ ಕೊಡುವ ಕೆಲವು ಮಾತ್ರೆಗಳು ಕೆಲಸ ಮಾಡೋದೂ ಇದೇ ದಾರಿಯಲ್ಲಿ, ರಾಸಾಯನಿಕವಾಗಿಯೂ ಅವು ಇದರ ನೆಂಟರೇ. ಹಾರ್ಮೋನು ಕಮ್ಮಿಯಾದರೆ ಮಿದುಳಿನ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಜಾಸ್ತಿ ಮಾಡಿ ಒತ್ತಾಯಿಸುತ್ತದೆ. ಆ ರಕ್ತ ಪರೀಕ್ಷೆಯ ಚೀಟಿಯಲ್ಲಿ ಕಂಡದ್ದು ಈ ಒತ್ತಾಯ.

ಬಸುರಿಯಲ್ಲಿ ಇದಕ್ಕೆ ಬೇರೆ ತೂಕ. ಮೊದಲ ಮೂರು ತಿಂಗಳು ಹೊಟ್ಟೆಯಲ್ಲಿರುವ ಮಗುವಿಗೆ ಸ್ವಂತ ಥೈರಾಯ್ಡ್ ಹಾರ್ಮೋನು ಇರಲ್ಲ. ಮಿದುಳು ಬೆಳೆಯೋಕೆ ಬೇಕಾದ್ದೆಲ್ಲ ಅಮ್ಮನಿಂದಲೇ ಬರಬೇಕು. ಬಹಳಷ್ಟು ಹೆಂಗಸರಿಗೆ ತಾವು ಬಸುರಿ ಅಂತ ಗೊತ್ತಾಗುವ ಹೊತ್ತಿಗೆ ಆ ಸಮಯದ ಅರ್ಧ ಮುಗಿದಿರುತ್ತದೆ.

ಹೊರದೇಶದಲ್ಲಿ ಇದನ್ನು ನೋಡಿದ್ದಾರೆ. ಮೆಕ್ಸಿಕೋದಲ್ಲಿ ಬೆನ್ನಿಗೆ ಪಂಪ್ ಹೊತ್ತು ಇದೇ ಜಾತಿಯ ಔಷಧಿ ಹೊಡೆಯುವ ಟೊಮೆಟೊ ಕೂಲಿಗಳಲ್ಲಿ ಟಿಎಸ್‌ಎಚ್ ಏರಿದ್ದು ಕಂಡಿತ್ತು. ಕೋಸ್ಟರಿಕಾದ ಮಟೀನಾ ಎಂಬಲ್ಲಿ ಬಾಳೆ ತೋಟಗಳ ಮೇಲೆ ವಿಮಾನದಿಂದ ಮ್ಯಾಂಕೋಜೆಬ್ ಸಿಂಪಡಿಸುತ್ತಾರೆ. ಅಲ್ಲಿನ ಬಸುರಿಯರ ಮೂತ್ರ ಪರೀಕ್ಷೆ ಮಾಡಿದಾಗ, ತೋಟಕ್ಕೆ ಹತ್ತಿರ ಇದ್ದಷ್ಟೂ ಇಟಿಯು ಜಾಸ್ತಿ ಇತ್ತು. ಅವರಲ್ಲಿ ಹೆಚ್ಚಿನವರು ಔಷಧಿ ಮುಟ್ಟಿದವರೂ ಅಲ್ಲ, ಬರೀ ಪಕ್ಕದಲ್ಲಿ ವಾಸವಿದ್ದವರು.

ಆಸ್ಪತ್ರೆ ಹೇಳಿದ್ದು

ವೈದ್ಯರು ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. ಆದರೆ ಒಪ್ಪಿಕೊಳ್ಳುವ ಸ್ಥಿತಿಯಲ್ಲೂ ಅವರಿರಲಿಲ್ಲ. ಎಂಟು ನಗರಗಳಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಸುಮಾರು 11% ಜನರಿಗೆ ಥೈರಾಯ್ಡ್ ಹಾರ್ಮೋನು ಕೊರತೆ ಇದೆ, ಹೆಂಗಸರಲ್ಲೇ ಜಾಸ್ತಿ. ಶುಂಠಿ ಗದ್ದೆ ಕಾಣದವರಿಗೂ ಬರುವ ಕಾಯಿಲೆ ಇದು. ಆ ಮನೆಯಲ್ಲಿ ಅಯೋಡಿನ್ ಉಪ್ಪೇ ಬಳಸುತ್ತಿದ್ದರು, ಹಾಗಾಗಿ ಅಯೋಡಿನ್ ಕೊರತೆ ಇರುವ ಹಾಗಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯಗಳು ಸಿಕ್ಕವು. ಅಂದರೆ ದೇಹವೇ ತನ್ನ ಗ್ರಂಥಿಯ ಮೇಲೆ ದಾಳಿ ಮಾಡುತ್ತಿದೆ. ಕಾಯಿಲೆಯ ಮೂಲ ಅದೇ ಇರುವ ಸಾಧ್ಯತೆ ಜಾಸ್ತಿ.

ಹಾಗಾದರೆ ಪುಡಿಗೆ ಸಂಬಂಧವೇ ಇಲ್ಲವಾ? ಹಾಗೂ ಹೇಳೋಕಾಗಲ್ಲ. ಮೊದಲೇ ಸೋತ ಗ್ರಂಥಿಯಲ್ಲಿ ಇದ್ದಬದ್ದ ಕಿಣ್ವವನ್ನೂ ತಡೆದರೆ ಅದು ಇನ್ನಷ್ಟು ಸೋಲಬಹುದು. ಹೌದೋ ಅಲ್ಲವೋ ಅಂತ ನೋಡೋಕೆ ಮೂತ್ರದಲ್ಲಿ ಇಟಿಯು ಅಳೆಯಬೇಕು. ಅದು ದೇಹದಿಂದ ಬೇಗ ಹೊರಹೋಗುವ ವಸ್ತು, ಕೆಲಸ ಮುಗಿದ ಕೆಲವೇ ದಿನಗಳಲ್ಲಿ ಮಾದರಿ ತೆಗೆಯಬೇಕು. ಪ್ರಶ್ನೆ ಹುಟ್ಟಿದಾಗ ವಾರಗಳು ಕಳೆದಿದ್ದವು. ತೆಗೆದಿದ್ದರೂ ಅದನ್ನು ಅಳೆಯುವ ಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಇರುವಂಥದ್ದಲ್ಲ.

ಪ್ರಕರಣ ಇಲ್ಲಿಗೆ ಬಿದ್ದುಹೋಯಿತು ಅಂತ ಕೆಲವರು ಹೇಳಿದರು. ನನಗೆ ಹಾಗನಿಸಲ್ಲ. ಹಾರ್ಮೋನು ಕೆಡಿಸುವ ವಸ್ತುಗಳ ವಿಷಯದಲ್ಲಿ ಒಬ್ಬ ಹೆಂಗಸಿನ ಮೈಯಲ್ಲಿ ಪುರಾವೆ ಹುಡುಕುವುದೇ ತಪ್ಪು ಜಾಗದಲ್ಲಿ ಹುಡುಕಿದ ಹಾಗೆ. ಕಾಯಿಲೆ ಬೇರೆ ಕಾರಣಕ್ಕೂ ಬರುತ್ತದೆ, ವಸ್ತು ದಿನಗಳಲ್ಲಿ ಮಾಯವಾಗುತ್ತದೆ, ಪರಿಣಾಮ ತಿಂಗಳುಗಳ ಮೇಲೆ ಕಾಣುತ್ತದೆ. ಕೊಡಗಿನಲ್ಲಾಗಲಿ ಕೋಸ್ಟರಿಕಾದಲ್ಲಾಗಲಿ ಯಾವ ವೈದ್ಯರೂ ಒಬ್ಬ ರೋಗಿಯನ್ನು ನೋಡಿ ಇದೇ ಕಾರಣ ಅಂತ ಸಹಿ ಹಾಕಲಾರರು. ಹಾಗಾಗಿ ಈ ಕೆಲಸ ಆಸ್ಪತ್ರೆಗೆ ಬರುವ ಮೊದಲೇ, ವಸ್ತುವಿಗೆ ಪರವಾನಗಿ ಕೊಡುವ ಹಂತದಲ್ಲೇ ಆಗಬೇಕು.

ಪೊಟ್ಟಣ ಹೇಳಿದ್ದು

ಅತ್ತೆ ಖಾಲಿ ಪೊಟ್ಟಣವನ್ನು ಎತ್ತಿಟ್ಟಿದ್ದರು. ಅದನ್ನೇ ಹಿಡಿದು ಮಗನ ಜೊತೆ ಕೃಷಿ ಇಲಾಖೆಗೆ ಹೋದರು. ಅಧಿಕಾರಿ ಸೌಜನ್ಯದಿಂದಲೇ ಮಾತಾಡಿದರು. ಪೊಟ್ಟಣ ತಿರುಗಿಸಿ ತ್ರಿಕೋನ ತೋರಿಸಿದರು. "ನೋಡಿಯಮ್ಮ, ಹಸಿರು. ಎಲ್ಲಕ್ಕಿಂತ ಕಮ್ಮಿ ವಿಷ ಅಂತ ಲೆಕ್ಕ. ಕೆಂಪಿದ್ರೆ ಭಯ ಬೀಳಬೇಕಿತ್ತು."

ಅವರು ಹೇಳಿದ್ದು ನಿಯಮದ ಪ್ರಕಾರ ಸರಿಯೇ. 1971ರ ಕೀಟನಾಶಕ ನಿಯಮಗಳಲ್ಲಿ ನಾಲ್ಕು ಬಣ್ಣಗಳಿವೆ. ಪ್ರಯೋಗದ ಪ್ರಾಣಿಗಳಿಗೆ ಒಂದೇ ಸಲ ತಿನ್ನಿಸಿದಾಗ ಅರ್ಧದಷ್ಟು ಸಾಯೋಕೆ ಎಷ್ಟು ಬೇಕು ಅನ್ನೋದರ ಮೇಲೆ ಬಣ್ಣ. ದೇಹತೂಕದ ಪ್ರತಿ ಕೆ.ಜಿ.ಗೆ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲಿದ್ದರೆ ಹಸಿರು. ಮ್ಯಾಂಕೋಜೆಬ್ ತಿಂದು ಸಾಯೋದು ಕಷ್ಟ, ಹಾಗಾಗಿ ಹಸಿರು. ಆ ತ್ರಿಕೋನ ಉತ್ತರಿಸುವ ಪ್ರಶ್ನೆ ಅದೊಂದೇ. ಸ್ವಲ್ಪಸ್ವಲ್ಪವಾಗಿ, ದಿನಾ, ಬಸುರಿಯ ಮೈಗೆ ಹೋದರೆ ಏನು ಅಂತ ಅದನ್ನು ಯಾರೂ ಕೇಳಿಲ್ಲ, ಅದು ಹೇಳುವುದೂ ಇಲ್ಲ. ಹಸಿರು ಬಣ್ಣ ಕಂಡ ಹೆಂಗಸರು ಇದು ಬೆಳೆಗೆ ಒಳ್ಳೇದು, ನಮಗೇನೂ ಆಗಲ್ಲ ಅಂದುಕೊಂಡರೆ ತಪ್ಪು ಅವರದ್ದಾ?

ಯುರೋಪಿನ ಒಕ್ಕೂಟ ಬೇರೆ ಥರ ಕೇಳುತ್ತದೆ. ವಸ್ತುವಿನಿಂದ ಕೆಡುಕು ಕಾಣುತ್ತದಾ, ಅದು ಹಾರ್ಮೋನಿನ ದಾರಿಯಲ್ಲಿ ಕೆಲಸ ಮಾಡುತ್ತದಾ, ಈ ಎರಡಕ್ಕೂ ನಂಟಿದೆಯಾ. ಇದನ್ನು 2018ರಲ್ಲಿ ಕೀಟನಾಶಕಗಳಿಗೆ ಮಾನದಂಡವಾಗಿ ಬರೆದರು. ಮೂರಕ್ಕೂ ಹೌದು ಎಂದಾದರೆ ಸಾಮಾನ್ಯವಾಗಿ ಪರವಾನಗಿ ಇಲ್ಲ. 2020ರ ಡಿಸೆಂಬರ್‌ನಲ್ಲಿ ಮ್ಯಾಂಕೋಜೆಬ್‌ಗೆ ಪರವಾನಗಿ ನವೀಕರಿಸಲಿಲ್ಲ. ಕೊಟ್ಟ ಕಾರಣಗಳಲ್ಲಿ ಹಾರ್ಮೋನು ಕೆಡಿಸುವುದೂ ಒಂದು, ಹುಟ್ಟುವ ಮಗುವಿಗೆ ಹಾನಿ ಮಾಡಬಹುದು ಅನ್ನುವುದು ಇನ್ನೊಂದು.

ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಕೃಷಿ ಸಚಿವಾಲಯವೂ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತ್ತು. ಮ್ಯಾಂಕೋಜೆಬ್ ಅದರಲ್ಲಿತ್ತು. ಆಕ್ಷೇಪಣೆಗಳು ಬಂದವು, ಸಮಿತಿ ಕೂತಿತು. 2023ರ ಅಂತಿಮ ಆದೇಶದಲ್ಲಿ ಪೂರ್ತಿ ನಿಷೇಧವಾದದ್ದು ಡೈಕೋಫಾಲ್, ಡಿನೋಕ್ಯಾಪ್, ಮೆಥೋಮಿಲ್ ಮೂರೇ. ಮ್ಯಾಂಕೋಜೆಬ್ ಉಳಿಯಿತು. ಅದನ್ನು ತಯಾರಿಸಿ ರಫ್ತು ಮಾಡುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು ಅನ್ನೋದನ್ನು ಇಲ್ಲಿ ಮರೆಯಬಾರದು.

ಉಳಿಸಿಕೊಳ್ಳಬೇಕು ಅನ್ನುವವರ ವಾದವೂ ಸುಮ್ನೆ ತಳ್ಳುವಂಥದ್ದಲ್ಲ. ಮ್ಯಾಂಕೋಜೆಬ್ ಅಗ್ಗ. ಶಿಲೀಂಧ್ರದ ಮೇಲೆ ಹಲವು ಕಡೆ ಒಟ್ಟಿಗೆ ಹೊಡೆಯುವುದರಿಂದ ರೋಗ ಅದಕ್ಕೆ ಸುಲಭವಾಗಿ ಒಗ್ಗಿಕೊಳ್ಳಲ್ಲ. ಇದನ್ನು ತೆಗೆದರೆ ರೈತರು ಹೋಗೋದು ಬೇರೆ ಪುಡಿಗೇ, ಅದು ಇದಕ್ಕಿಂತ ಒಳ್ಳೇದು ಅನ್ನುವ ಖಾತ್ರಿ ಇಲ್ಲ. 2024ರಲ್ಲಿ ಕೊಡಗಿನ ಶುಂಠಿಗೆ ಪೈರಿಕುಲೇರಿಯಾ ಶಿಲೀಂಧ್ರದ ಎಲೆರೋಗ ಬಂದಾಗ ಕಾರ್ಬೆಂಡಾಜಿಂ ಜೊತೆ ಬೆರೆಸಿದ ಮ್ಯಾಂಕೋಜೆಬ್ ಪುಡಿಗೆ ಎಲ್ಲರೂ ಓಡಿದರು. ಎಲೆ ಸುಟ್ಟ ಹಾಗೆ ಆಗ್ತಿರೋವಾಗ ರೈತನ ಮುಂದೆ ಬ್ರಸೆಲ್ಸ್ ಮಾತು, ಅಂದರೆ ಯುರೋಪಿನ ಒಕ್ಕೂಟದ ಮಾತು, ಹೇಳಿದರೆ ಯಾರು ಕೇಳ್ತಾರೆ?

ಅತ್ತೆ ಕೃಷಿ ಇಲಾಖೆಯಲ್ಲಿ ಇನ್ನೊಂದು ಮಾತು ಕೇಳಿದ್ದರು. ಅವರ ತವರು ಬೆಳ್ತಂಗಡಿ ಕಡೆ. "ಇದು ಎಂಡೋಸಲ್ಫಾನ್ ಥರಾನಾ, ಸಾರ್?" ಆ ಕಡೆ ಗೇರು ತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಕಂಡವರು ಕೇಳಲೇಬೇಕಾದ ಪ್ರಶ್ನೆ. ಎರಡೂ ಒಂದೇ ಅಲ್ಲ. ಎಂಡೋಸಲ್ಫಾನ್ ಮಣ್ಣಿನಲ್ಲಿ, ಕೊಬ್ಬಿನಲ್ಲಿ ಕೂತುಬಿಡುವ ವಸ್ತು. ಮ್ಯಾಂಕೋಜೆಬ್ ನೀರಿಗೆ ಬಿದ್ದರೆ ದಿನಗಳಲ್ಲಿ ಒಡೆಯುತ್ತದೆ, ಇಟಿಯು ಅದಕ್ಕಿಂತ ಸ್ವಲ್ಪ ಜಾಸ್ತಿ ಉಳಿದರೂ ತಲೆಮಾರುಗಟ್ಟಲೆ ಉಳಿಯಲ್ಲ. ಹಾಗಾಗಿ ಹೇಮಾವತಿಗೇ ವಿಷ ಸೇರಿತು ಅಂತ ಕೂಗಿದರೆ ಈ ಪ್ರಕರಣ ದಾರಿ ತಪ್ಪುತ್ತದೆ. ಉಳಿದ ದ್ರಾವಣವನ್ನು ಹಳ್ಳಕ್ಕೆ ಸುರಿದರೆ ಮೀನಿಗೆ ಕುತ್ತು, ಅದು ನಿಜ. ಆದರೆ ಇಲ್ಲಿ ಮನುಷ್ಯರ ಮೈಗೆ ಹೋದದ್ದು ಡ್ರಮ್ಮಿನಿಂದ.

ಎಂಡೋಸಲ್ಫಾನ್ ಪ್ರಕರಣದಿಂದ ಕಲಿಯಬೇಕಾದ್ದು ಬೇರೆ ಇದೆ. 1968ರ ಕೀಟನಾಶಕ ಕಾಯ್ದೆಯ 27ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಒಂದು ಕೀಟನಾಶಕವನ್ನು ತಡೆಹಿಡಿಯಬಹುದಾದದ್ದು 60 ದಿನ, ಮತ್ತೆ 30 ದಿನ, ಅಷ್ಟೇ. ಕರ್ನಾಟಕ 2011ರ ಫೆಬ್ರುವರಿಯಲ್ಲಿ ಎಂಡೋಸಲ್ಫಾನ್ ತಡೆದದ್ದು ಹೀಗೆ. ಪೂರ್ತಿ ನಿಂತದ್ದು ಆ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ. ಅಂದರೆ ಮಡಿಕೇರಿಯಲ್ಲಿ ಕೂತ ಯಾರಿಗೂ, ಬೆಂಗಳೂರಲ್ಲಿ ಕೂತವರಿಗೂ, ಇಂಥ ಪುಡಿಯನ್ನು ಶಾಶ್ವತವಾಗಿ ನಿಲ್ಲಿಸುವ ಅಧಿಕಾರ ಇಲ್ಲ. ದೆಹಲಿಯಿಂದಲೇ ಬರಬೇಕು.

ಆದರೆ ಇರುವ ನಿಯಮದಲ್ಲೇ ಒಂದು ಕಿಟಕಿ ಇದೆ. 1971ರ ಅದೇ ನಿಯಮಗಳ 37ನೇ ನಿಯಮ ಕೀಟನಾಶಕ ತಯಾರಿಸುವ, ಸಿಂಪಡಿಸುವ ಕೆಲಸಗಾರರಿಗೆ ಕೆಲಸಕ್ಕೆ ಮೊದಲು, ಆಮೇಲೂ ಆಗಾಗ ವೈದ್ಯಕೀಯ ತಪಾಸಣೆ ಆಗಬೇಕು ಅನ್ನುತ್ತದೆ. ಆರ್ಗನೋಫಾಸ್ಫರಸ್, ಕಾರ್ಬಮೇಟ್ ಜಾತಿಯ ಔಷಧಿಗಾದರೆ ಕೋಲಿನೆಸ್ಟರೇಸ್ ಎಂಬ ರಕ್ತಪರೀಕ್ಷೆಯನ್ನು ಹೆಸರಿಟ್ಟು ಹೇಳುತ್ತದೆ. ನರಗಳಿಗೆ ಆಗುವ ವಿಷವನ್ನು ಹಿಡಿಯೋಕೆ ಅದು. ಥೈರಾಯ್ಡ್ ಪರೀಕ್ಷೆಯ ಹೆಸರು ಅಲ್ಲಿಲ್ಲ. ಶುಂಠಿ ಅದ್ದುವ ದಿನಗೂಲಿ ಹೆಂಗಸರನ್ನು ಈ ನಿಯಮದ ಕೆಳಗೆ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಅದು ಬೇರೆ ಮಾತು.

ಕಾಫಿಗೆ ಇದ್ದದ್ದು

ಇದೇ ಮನೆಯ ಹಿಂದಿನ ಕಾಫಿಯ ಕಥೆ ಪಕ್ಕದಲ್ಲಿಟ್ಟು ನೋಡಿ. ಬಿಳಿ ಕಾಂಡಕೊರಕಕ್ಕೆ, ಕಾಯಿಕೊರಕಕ್ಕೆ ಇಲ್ಲಿ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಹೊಡೆಯೋದು ರೂಢಿ. ಯುರೋಪ್ 2020ರ ಜನವರಿಯಲ್ಲಿ ಅದರ ಪರವಾನಗಿ ನಿಲ್ಲಿಸಿತು. ವರ್ಷದ ಕೊನೆಗೆ ಆಹಾರದಲ್ಲಿ ಕೆ.ಜಿ.ಗೆ 0.01 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು ಅಂತ ಮಿತಿ ಹಾಕಿತು. ನಮ್ಮ ಕಾಫಿಯ ಹೆಚ್ಚಿನ ಪಾಲು ಹೋಗೋದು ಹೊರಗೆ, ಅದರಲ್ಲೂ ಇಟಲಿಗೆ ಜಾಸ್ತಿ. ತಕ್ಷಣ ತೋಟಗಳಲ್ಲಿ ಮಾತು ಶುರುವಾಯಿತು: ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು, ಕಾಂಡಕ್ಕೆ ಸುಣ್ಣ ಬಳಿದರೆ ಸಾಲುತ್ತಾ, ಉದುರಿದ ಕಾಯಿ ಹೆಕ್ಕಿದರೆ ಹುಳ ಕಮ್ಮಿಯಾಗುತ್ತಾ. 2025ರಲ್ಲಿ ಬೇಗ ಕರಗದ ವಿಷವಸ್ತುಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳೂ ಕೆಲವು ವಿನಾಯಿತಿ ಇಟ್ಟುಕೊಂಡು ಅದನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿದವು.

ಶುಂಠಿಗೆ ಇಟಲಿಯ ಗಿರಾಕಿ ಇಲ್ಲ. 60 ಕೆ.ಜಿ. ಮೂಟೆ ಲಾರಿ ಹತ್ತಿ ಊರೂರಿನ ಮಂಡಿಗೆ ಹೋಗುತ್ತದೆ. ಅಲ್ಲಿ ಯಾರಾದರೂ ಪರೀಕ್ಷೆ ಮಾಡಿದರೂ ಈ ಜಾತಿಯ ಔಷಧಿಗಳನ್ನು ಅಳೆಯೋದು ಇಂಗಾಲದ ಡೈಸಲ್ಫೈಡ್ ಆಗಿ, ಎಲ್ಲ ಒಟ್ಟಿಗೆ. ಇಟಿಯು ಬೇಕಾದರೆ ಬೇರೆಯೇ ಪರೀಕ್ಷೆ. ಇನ್ನೂ ದೊಡ್ಡ ಮಾತು, ಬಿತ್ತನೆಗೆ ಅದ್ದಿದ ಪುಡಿ ಹತ್ತು ತಿಂಗಳ ನಂತರ ಕಿತ್ತ ಶುಂಠಿಯಲ್ಲಿ ಸಿಗೋದು ಕಷ್ಟ. ತಿನ್ನುವವರ ತಟ್ಟೆಯನ್ನು ಎಷ್ಟೇ ಪರೀಕ್ಷೆ ಮಾಡಿದರೂ ಅದ್ದುವವರ ಕೈ ಅದರಲ್ಲಿ ಕಾಣಲ್ಲ. ಕೊಳ್ಳುವವರನ್ನು ಕಾಯುವ ನಿಯಮಗಳು ಬೇಗ ಬರುತ್ತವೆ. ಮಗುವಿನ ಹಾಲಿನ ಬಾಟಲಿಯಲ್ಲಿ ಹಾರ್ಮೋನು ಕೆಡಿಸುವ ಬಿಸ್ಫಿನಾಲ್ ಇರುವ ಪ್ಲಾಸ್ಟಿಕ್ ಬೇಡ ಅಂತ 2015ರಲ್ಲೇ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡ ಬಂತು. ಅದೇ ಮಗು ಹೊಟ್ಟೆಯಲ್ಲಿದ್ದಾಗ ಅಮ್ಮ ಅದ್ದಿದ ಡ್ರಮ್ಮಿಗೆ ಅಂಥ ಮಾನದಂಡ ಇಲ್ಲ.

ಗದ್ದೆಯಲ್ಲಿ ಬದಲಾದದ್ದು

ಗುತ್ತಿಗೆದಾರರು ಮೊದಲು ಸಿಟ್ಟಾದರು. "ಎಲ್ರೂ ಮಾಡೋದೇ ಅಲ್ವಾ ನಾನು ಮಾಡಿದ್ದು?" ಅದೂ ನಿಜವೇ. ಮುಂದಿನ ವರ್ಷದ ಗುತ್ತಿಗೆ ಮಾತಾಡುವಾಗ ಮನೆಯ ಮಗ ದುಡ್ಡಿನ ಜೊತೆ ಈ ವಿಷಯವನ್ನೂ ಸೇರಿಸಿದರು. ತಾವು ಗದ್ದೆಯ ಯಜಮಾನರಾದ್ದರಿಂದ ಈ ಮಾತು ನಡೆಯಿತು, ಬರೀ ಕೂಲಿಯವರಾಗಿದ್ದರೆ ನಡೆಯುತ್ತಿರಲಿಲ್ಲ.

ಒಪ್ಪಿದ್ದು ಇವು. ಶುಂಠಿಯನ್ನು ತೂತಿರುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ತುಂಬಿ, ಹಗ್ಗ ಕಟ್ಟಿ ಡ್ರಮ್ಮಿಗೆ ಇಳಿಸಿ ಎತ್ತೋದು. ಕೈ ನೀರಿಗೆ ಇಳಿಯೋದೇ ಬೇಡ. ಎಲ್ಲರಿಗೂ ಮೊಣಕೈ ಉದ್ದದ ರಬ್ಬರ್ ಗ್ಲೌಸು, ಪುಡಿ ಸುರಿಯುವವರಿಗೆ ಮಾಸ್ಕು. ಡ್ರಮ್ಮು ನೆರಳಲ್ಲಿ, ಆಯಾ ದಿನದ ದ್ರಾವಣ ಆಯಾ ದಿನಕ್ಕೆ, ಉಳಿದದ್ದು ಹಳ್ಳಕ್ಕಲ್ಲ. ಕೈ ತೊಳೆಯೋಕೆ ಸೋಪು, ಎಲೆ ಅಡಿಕೆ ಆಮೇಲೆ. ಬಸುರಿಯರು, ಆಗುವ ಯೋಚನೆ ಇರುವವರು ಬಿತ್ತನೆ ತುಂಡು ಮಾಡುವ, ಆರಿಸುವ ಕೆಲಸಕ್ಕೆ, ಅದೂ ಅದ್ದುವ ಮೊದಲು, ಕೂಲಿ ಅಷ್ಟೇ. ಈ ಕೊನೆಯದ್ದಕ್ಕೇ ಜಾಸ್ತಿ ಚೌಕಾಸಿ ಆದದ್ದು. ಬಸುರಿ ಅಂತ ಬಾಯಿಬಿಟ್ಟು ಹೇಳಬೇಕಾದರೆ ಯಾರೂ ಹೇಳಲ್ಲ ಅಂತ ಅತ್ತೆ ಹೇಳಿದರು. ಕೊನೆಗೆ ಮಕ್ಕಳಾಗುವ ವಯಸ್ಸಿನ ಹೆಂಗಸರನ್ನು ಡ್ರಮ್ಮಿನ ಹತ್ತಿರವೇ ಹಾಕಬಾರದು ಅಂತಾಯಿತು. ಅದರಲ್ಲೂ ತೊಡಕಿದೆ, ಕೆಲಸವೇ ಕೈತಪ್ಪಬಹುದು. ಕ್ರೇಟು ಬಂದ ಮೇಲೆ ಅದ್ದುವ ಕೆಲಸ ಹೇಗೂ ಇಬ್ಬರು ಗಂಡಸರಿಗೆ ಹೋಯಿತು.

ಒಂದು ಭಾಗದ ಮಡಿಗಳಿಗೆ ಮ್ಯಾಂಕೋಜೆಬ್ ಬಿಟ್ಟು, ರೋಗ ಬಾರದ ಗದ್ದೆಯಿಂದ ಆರಿಸಿದ ಬಿತ್ತನೆ, ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹಾಕಿ ನೋಡಿದರು. ಕೊಳೆ ಎರಡೂ ಕಡೆ ಬಂತು. ನೀರು ನಿಂತ ತಗ್ಗಿನ ಮಡಿಗಳಲ್ಲಿ ಜಾಸ್ತಿ, ಬಸಿಗಾಲುವೆ ಆಳ ಮಾಡಿದ ಕಡೆ ಕಮ್ಮಿ. ಒಂದೇ ಗದ್ದೆಯ ಒಂದೇ ಮಳೆಗಾಲ ನೋಡಿ ಪುಡಿ ಬೇಕೋ ಬೇಡವೋ ಅಂತ ತೀರ್ಮಾನಿಸೋಕಾಗಲ್ಲ. ಗುತ್ತಿಗೆದಾರರು ಮತ್ತೆ ಪೂರ್ತಿ ಪುಡಿಗೇ ಹೋಗಿದ್ದಾರೆ, ಕ್ರೇಟು ಮಾತ್ರ ಉಳಿಸಿಕೊಂಡಿದ್ದಾರೆ. ಕೆಲಸ ಬೇಗ ಆಗುತ್ತದೆ ಅನ್ನೋದು ಅವರು ಕೊಡುವ ಕಾರಣ.

ಮಗು ಹುಟ್ಟಿದ ಮೇಲೆ ಮಾಡಿದ ಥೈರಾಯ್ಡ್ ಪರೀಕ್ಷೆ ಸರಿಯಾಗಿತ್ತು. ತಾಯಿ ಮಾತ್ರೆಯಲ್ಲೇ ಇದ್ದಾರೆ. ಗ್ರಾಮಸಭೆಯಲ್ಲಿ ಎರಡು ಬೇಡಿಕೆ ಬರೆಸಿದ್ದಾರೆ: ಬಸುರಿಯರ ಮೊದಲ ನೋಂದಣಿಯಲ್ಲೇ ಔಷಧಿ ಮುಟ್ಟುವ ಕೆಲಸ ಮಾಡ್ತೀರಾ ಅಂತ ಕೇಳಿ ತಾಯಿ ಕಾರ್ಡಿನಲ್ಲಿ ಬರೆಯಬೇಕು, ಶುಂಠಿ ಅದ್ದುವ ಕೆಲಸದವರನ್ನು 37ನೇ ನಿಯಮದ ತಪಾಸಣೆಗೆ ಸೇರಿಸಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಮೊದಲನೆಯದನ್ನು ಆಶಾ ಕಾರ್ಯಕರ್ತೆ ಆದೇಶಕ್ಕೆ ಕಾಯದೆ ಶುರು ಮಾಡಿದ್ದಾರೆ, ಕಾರ್ಡಿನಲ್ಲಿ ಅದಕ್ಕೆ ಜಾಗ ಇಲ್ಲದ್ದರಿಂದ ಅಂಚಿನಲ್ಲಿ ಪೆನ್ನಿನಿಂದ ಬರೆಯುತ್ತಾರೆ. ಎರಡನೆಯದು ಮೇಲಿನ ಕಚೇರಿಗೆ ಹೋಗಿದೆ, ಇನ್ನೂ ಉತ್ತರ ಬಂದಿಲ್ಲ.